ದಂಗೆಯ ಗಂಜಿ

ಆ ಸಿನಿಮಾ ನೋಡಿದವರೆಲ್ಲ ಕೇಳುವ ಪ್ರಶ್ನೆ ಒಂದೇ. ಸೂರ್ಯನೇ ಆರಿಹೋದ ಕಾಲದಲ್ಲಿ, ನೆಲದಡಿಯ ಊರಿನ ಗುಲಾಮರಿಗೆ ಬಡಿಸುತ್ತಾರಲ್ಲ, ಆ ಬೂದಿ ಬಣ್ಣದ ಗಂಜಿ, ಅದು ಯಾವ ಕೆಮಿಕಲ್? ಅಭಿಮಾನಿಗಳು ಮೊಬೈಲಿನಲ್ಲಿ ಹೊಡೆದಾಡಿಕೊಂಡಿದ್ದಾರೆ. ಉತ್ತರವೋ, ತ್ರಿಪ್ಲಿಕೇನಿನ ಮೆಸ್ಸೊಂದರ ಹಿಂಬದಿಯಲ್ಲಿ ಲುಂಗಿ ಎತ್ತಿ ಕಟ್ಟಿ ತೆಂಗಿನಕಾಯಿ ತುರಿಯುತ್ತಾ ಕೂತಿದೆ. ಹೆಸರು ಶೀನ, ಊರು ಕಾರ್ಕಳ.

ಶೂಟಿಂಗಿನ ಅಡುಗೆ ವಹಿಸಿಕೊಂಡ ಶೀನನಿಗೆ ನಿರ್ದೇಶಕ ಶಿವರಂಜನ್ ಹೇಳಿದ್ದು ಇಷ್ಟೇ: ಗುಲಾಮರು ಒಂದು ತುತ್ತು ತಿಂದು, ಉಗಿದು, ತಟ್ಟೆ ಎಸೆದು ದಂಗೆ ಏಳಬೇಕು. ಆಮೇಲೆ ಹೀರೋ, ಗುಂಡು, ಬೆಂಕಿ.

ಶೀನ ಅಕ್ಕಿಹಿಟ್ಟಿಗೆ ಕರಿ ಎಳ್ಳು ಅರೆದು ಹಾಕಿ ಕುದಿಸಿದ. ಥೇಟ್ ಸಿಮೆಂಟು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಗ್ಗರಣೆ ಇಲ್ಲದೆ ಪಾತ್ರೆ ಇಳಿಸುವ ಕೈ ಅವನದಲ್ಲ. ಬೆಳ್ಳುಳ್ಳಿ, ಒಣಮೆಣಸು ತೆಂಗಿನೆಣ್ಣೆಯಲ್ಲಿ ಚುಂಯ್ ಎಂದವು.

ಪೆರುಂಗುಡಿಯ ಹಳೇ ಗೋದಾಮಿನ ಸೆಟ್ಟಿನಲ್ಲಿ ಕ್ಯಾಮೆರಾ ಓಡಿತು. ಗುಲಾಮರು ತಟ್ಟೆ ನೆಕ್ಕಿದರು. ಒಬ್ಬನಂತೂ "ಅಣ್ಣೇ, ಇನ್ನುಂ ಕೊಂಜಂ!" ಎಂದು ತಮಿಳಿನಲ್ಲೇ ಇನ್ನಷ್ಟು ಕೇಳಿ ಮತ್ತೆ ತಟ್ಟೆ ಚಾಚಿದ.

"ಕಟ್!" ಶಿವರಂಜನ್ ತಲೆ ಹಿಡಿದುಕೊಂಡ. "ಏನ್ ಶೀನಣ್ಣ ಇದು? ಇವರು ದಂಗೆ ಏಳ್ಬೇಕು!"

"ಇಂಥ ಗಂಜಿ ಸಿಕ್ಕಿದ್ರೆ ಯಾರು ಸಾರ್ ದಂಗೆ ಏಳುದು?"

"ನಾಳೆ ತಟ್ಟೆ ಹಾರ್ಬೇಕು. ಇಲ್ಲಾಂದ್ರೆ ಬೇರೆ ಮಾಸ್ಟರ್ ಬರ್ತಾರೆ. ಮತ್ತೆ ಕೇಳಿ, ಸೀನ್ ಮುಗಿಯೋವರೆಗೆ ಯಾರಿಗೂ ಊಟ ಬೇಡ. ಹಸಿವು ಮುಖದಲ್ಲಿ ಕಾಣ್ಬೇಕು."

ತನ್ನ ಅಡುಗೆ ಎಲೆಯಲ್ಲಿ ಉಳಿದದ್ದನ್ನು ಶೀನ ಜನ್ಮದಲ್ಲಿ ನೋಡಿರಲಿಲ್ಲ, ನೋಡಿದ್ದರೂ ಒಪ್ಪಿರಲಿಲ್ಲ. ಅದನ್ನೀಗ ಕ್ಯಾಮೆರಾದೆದುರು ಉಗಿಸಬೇಕು, ಇಲ್ಲವೇ ಸೌಟು ಬೇರೆಯವನ ಕೈಗೆ.

"ಬೇಕಂತಲೇ ಹಾಳು ಮಾಡುದು ಹೇಗೆ ಮಾರಾಯ್ತಿ?" ಎಂದು ಹೆಂಡತಿಯನ್ನು ಕೇಳಿದ.

"ಮದುವೆಯಾದ ಹೊಸತರಲ್ಲಿ ನನಗೆ ಸಾಂಬಾರು ಮಾಡಿ ಹಾಕಿದ್ರಲ್ಲ," ಅಂದಳು ಅಮ್ಮಣ್ಣಿ, "ಹಾಗೇ ಮಾಡಿ, ಸಾಕು."

ಮರುದಿನವೂ ಕೈ ಕೇಳಲಿಲ್ಲ. ಅದೇ ಗಂಜಿ, ಅದೇ ಒಗ್ಗರಣೆ. ಅಷ್ಟರಲ್ಲಿ ಲೈಟಿಂಗ್ ತಡವಾಗಿ ಮಧ್ಯಾಹ್ನವಾಯಿತು. ಗುಲಾಮರು ಬಾಡಿದ ಮುಖ ಹೊತ್ತು ಕೂತಿದ್ದರು. ಊಟದ ಹೊತ್ತಿಗೆ ಖಾಲಿ ಹೊಟ್ಟೆಯ ಪಂಕ್ತಿ ಕಂಡರೆ ಶೀನನಿಗೆ ಯಾವ ನಿರ್ದೇಶಕನೂ ನೆನಪಿರುವುದಿಲ್ಲ. ಗೋದಾಮಿನ ಹಿಂದೆ ಎಲೆ ಹಾಕಿಸಿಯೇ ಬಿಟ್ಟ. ಅನ್ನ, ಸೌತೆಕಾಯಿ ಹುಳಿ, ಪಲ್ಯ, ಕಡ್ಲೆಬೇಳೆ ಪಾಯಸ. ಊರಿನ ಪದ್ಧತಿಯಂತೆ ಒತ್ತಾಯ ಬೇರೆ. ಸಾಕೆಂದು ಎಲೆಗೆ ಕೈ ಅಡ್ಡ ಹಿಡಿದವರಿಗೆ ಬೆರಳ ಸಂದಿಯಿಂದಲೇ ಪಾಯಸ ಬಿದ್ದಿತು.

ಆಗಲೇ ಕರೆ ಬಂತು: "ಶಾಟ್ ರೆಡಿ!"

ಗುಲಾಮರು ತೇಗುತ್ತಾ ಹೋಗಿ ಕೂತರು. ಎದುರಿಗೆ ಗಂಜಿ ಬಂತು. ಆ ಮುಖಗಳಲ್ಲಿ ಎದ್ದ ಸಂಕಟ ಯಾವ ನಟನಾ ಶಾಲೆಯಲ್ಲೂ ಕಲಿಸಲಾಗದ್ದು. ಬಾಯಿಗಿಟ್ಟ ಒಂದು ತುತ್ತೂ ಒಳಗೆ ಹೋಗದೆ ಉಗಿದರು. ನಿನ್ನೆ ಮತ್ತೆ ಕೇಳಿದ ಗುಲಾಮನೇ ಮೊದಲು ತಟ್ಟೆ ಎಸೆದ. ದಂಗೆ ಎದ್ದಿತು.

ಶಿವರಂಜನ್ ಗೋದಾಮಿನ ಹಿಂದಕ್ಕೆ ಓಡಿಬಂದು ಶೀನನ ಕೈ ಹಿಡಿದ. "ಸೂಪರ್ ಅಣ್ಣಾ! ಎಂಥ ಹಸಿವು, ಎಂಥ ಕೋಪ! ಗಂಜಿಗೆ ಏನ್ ಹಾಕಿದ್ರಿ?"

"ಅದು ನಮ್ಮ ಕೈಗುಣ ಸಾರ್," ಅಂದ ಶೀನ, ಎಂಜಲೆಲೆಗಳ ರಾಶಿಗೆ ಬೆನ್ನು ಅಡ್ಡ ಕೊಟ್ಟು.

ಎಲ್ಲ ಮೊದಲೇ ಯೋಚಿಸಿ ಮಾಡಿದ್ದು ಎಂದು ಈಗ ಅವನ ವಾದ. ಅಮ್ಮಣ್ಣಿ ಮಾತ್ರ ಅದನ್ನು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಉಗಿಸಿಕೊಂಡ ಗಂಜಿಯ ಮಾನ ಉಳಿಸಲು ಶೀನ ಅದನ್ನು ಪ್ರತಿ ಶನಿವಾರ ಮೆಸ್ಸಿನಲ್ಲೇ ಬಡಿಸುತ್ತಾನೆ. ದಂಗೆ ಅಲ್ಲಿಯೂ ಏಳುತ್ತದೆ, ಗಂಜಿ ಮುಗಿಯಿತು ಅಂದಾಗ.