ಮೆತ್ತೆ ಮೇಸ್ತ್ರಿಯ ಮಲಗುವ ಕೋಣೆ

ಮೆತ್ತೆ ಮೇಸ್ತ್ರಿಯ ಮುತ್ತಜ್ಜ ಹತ್ತಿ ಹಿಂಜುವವನು. ಹೆಗಲ ಮೇಲೆ ಬಿಲ್ಲು ಹೊತ್ತು ಬೀದಿ ಬೀದಿ ಸುತ್ತುತ್ತಿದ್ದ. ಕಲ್ಲಾಗಿ ಕೂತ ಹಾಸಿಗೆಯನ್ನು ಬಿಚ್ಚಿ ಹಿಂಜಿದನೆಂದರೆ ಮನೆಯವರು ಹತ್ತಿಯನ್ನು ಸೂರಿನಿಂದ ಇಳಿಸಿಕೊಳ್ಳಬೇಕಿತ್ತಂತೆ. ಅವನ ಮಗ ನಾಟಕಮಂದಿರದ ಕುರ್ಚಿಗಳಿಗೆಲ್ಲ ಮೆತ್ತೆ ಹೊಲಿದ. ಆಟ ಎಷ್ಟು ಕೆಟ್ಟದಾಗಿದ್ದರೂ ಜನ ಎದ್ದು ಹೋಗುತ್ತಿರಲಿಲ್ಲ. ನಟರು ಅದು ತಮ್ಮ ಹಿರಿಮೆ ಎಂದುಕೊಂಡಿದ್ದರು. ಆ ಕುರ್ಚಿಗಳ ಗುಂಡಿಗಳನ್ನೆಲ್ಲ ಒಳಕ್ಕೆ ಎಳೆದು ಬಿಗಿದವಳು ಅಜ್ಜಿ. ಉದ್ದನೆಯ ಸೂಜಿ ಹಿಡಿದು ಹಿಡಿದು ಅವಳ ಹೆಬ್ಬೆರಳು ಗೊರಸಿನಂತಾಗಿತ್ತು. ತಂದೆ ನ್ಯಾಯಾಧೀಶರೊಬ್ಬರ ಕೋಣೆಯ ಬಾಗಿಲಿಗೆ ಚರ್ಮದ ಮೆತ್ತೆ ಹೊದಿಸಿ, ಒಳಗಿನ ಮಾತು ಹೊರಗೆ ಬಾರದಂತೆ ಮಾಡಿ ಹೆಸರಾದವನು. ಕೆಲಸ ಮಾಡುವಾಗ ಅಲ್ಲಿ ಏನೇನು ಕಿವಿಗೆ ಬಿದ್ದಿತ್ತೋ, ಸಾಯುವವರೆಗೂ ಒಂದಕ್ಷರ ಬಿಡಲಿಲ್ಲ. ಬಾಗಿಲಿನ ಜೊತೆಗೆ ತನ್ನ ಬಾಯಿಗೂ ಮೆತ್ತೆ ಹೊಡೆದುಕೊಂಡ ಎಂದು ಹೆಂಡತಿ ರೇಗುತ್ತಿದ್ದಳು.

ಹೀಗೆ ಬಂದ ಕಸುಬು ನಮ್ಮ ಮೇಸ್ತ್ರಿಯ ಕಾಲಕ್ಕೆ ಗೋಡೆ ಹತ್ತಿತು. ಊರಿನಲ್ಲಿ ಸದ್ದು ಹೆಚ್ಚಿತು, ಉಳ್ಳವರಿಗೆ ಸದ್ದಿಲ್ಲದ ಕೋಣೆ ಬೇಕಾಯಿತು. ಬರೀ ಸದ್ದಿಲ್ಲದಿದ್ದರೆ ಸಾಲದು, ನೋಡಿದವರು ಅಹಾ ಅನ್ನಬೇಕು. ಮೇಸ್ತ್ರಿ ಮರದ ಚೌಕಟ್ಟು ಕಟ್ಟಿ, ಉಣ್ಣೆಯ ಚಿಂದಿಯನ್ನು ಪದರ ಪದರವಾಗಿ ತುಂಬಿ, ಮೇಲೆ ಮಖಮಲ್ಲನ್ನೋ ನಾರುಬಟ್ಟೆಯನ್ನೋ ಎಳೆದು, ಗುಂಡಿ ಬಿಗಿದು ಗೋಡೆಗೆ ಕೂಡಿಸುತ್ತಿದ್ದ. ಗೋಡೆಗೂ ಚೌಕಟ್ಟಿಗೂ ನಡುವೆ ಒಂದು ಬೆರಳು ಜಾಗ ಬಿಡುವುದು ಅವನ ಪದ್ಧತಿ. ಪಕ್ಕದ ಮನೆಗೆ ಅಂಟಿದ ಗೋಡೆಗೆ ಪುಸ್ತಕದ ಕಪಾಟು ತುಂಬಿಸಿ ನಿಲ್ಲಿಸಿ ಎನ್ನುತ್ತಿದ್ದ. ಓದುವುದು ಬಿಡುವುದು ನಿಮ್ಮಿಷ್ಟ, ಪುಸ್ತಕ ಸದ್ದನ್ನಂತೂ ನುಂಗುತ್ತದೆ ಎಂದು ಸೇರಿಸುತ್ತಿದ್ದ. ಕಿಟಕಿಗೆ ಸೂರಿನಿಂದ ನೆಲದವರೆಗೆ ಎರಡು ಪದರದ ಪರದೆ, ಬಾಗಿಲ ಬುಡಕ್ಕೆ ರಬ್ಬರಿನ ಪಟ್ಟಿ. ಸದ್ದು ನೀರಿದ್ದ ಹಾಗೆ, ಸಂದು ಸಿಕ್ಕಿದರೆ ಸಾಕು ನುಗ್ಗುತ್ತದೆ ಎಂಬುದು ಅವನ ಮಾತು. ಕೆಲಸ ಮುಗಿದ ಮೇಲೆ ಕೋಣೆಯ ಮಧ್ಯೆ ಕುಕ್ಕರುಗಾಲಲ್ಲಿ ಕೂತು, ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ. ಏನೂ ಕೇಳದಿದ್ದರೆ ಮೊಣಕಾಲು ಹಿಡಿದು ಮೇಲೇಳುತ್ತಿದ್ದ. ಅದೇ ಪರೀಕ್ಷೆ.

ದೀಪದ ಬುಡದಲ್ಲಿ ಕತ್ತಲು ಎನ್ನುವುದು ಅವನ ಮನೆಗೇ ಹೇಳಿದ ಮಾತು. ಮೂರು ಅಂತಸ್ತಿನ ಹಳೆಯ ಕಟ್ಟಡದ ನಡುವಿನ ಅಂತಸ್ತು. ಕೆಳಗೆ ಕಿಟಕಿಗಳ ಗ್ರಿಲ್ಲನ್ನು ಬೀದಿಗೆ ತಂದು ಬಡಿಯುವ ಅಂಗಡಿ, ಪಕ್ಕದಲ್ಲಿ ಕಿವಿ ಮಂದವಾದ ಮುದುಕನೂ ಅವನ ಟಿ.ವಿ.ಯೂ, ಕಿಟಕಿಯಾಚೆ ಬಸ್ಸು ತಿರುಗುವ ರಸ್ತೆ. ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಊರು ಏಳುವ ಹೊತ್ತಿಗೆ ಅವಳು ಮಲಗಬೇಕು. ತಲೆಯ ಮೇಲೊಂದು ದಿಂಬು, ಕೆಳಗೊಂದು ದಿಂಬು ಇಟ್ಟುಕೊಂಡು ವರ್ಷಗಟ್ಟಲೆ ಹಾಗೇ ತಳ್ಳಿದ್ದಳು. ವಯಸ್ಸಿರುವಾಗ ದೇಹ ತಾಳುತ್ತದೆ, ಆಮೇಲೆ ಬಡ್ಡಿ ಸಮೇತ ಕೇಳುತ್ತದೆ.

ಒಂದು ಬೆಳಗ್ಗೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಮಂಚದ ಮೇಲೆ ಕೂತಳು.

“ಕೂತಲ್ಲೇ ಕಣ್ಣು ಹತ್ತಿಬಿಡ್ತು ರೀ. ಡ್ರಿಪ್ಪಿನ ಬಾಟಲಿ ಖಾಲಿಯಾಗಿ, ನಳಿಗೇಲಿ ರಕ್ತ ಮೇಲಕ್ಕೇರಿತ್ತು. ಪಕ್ಕದ ಹಾಸಿಗೆಯವರು ಕೂಗಿ ಎಬ್ಬಿಸಿದ್ರು.”

“ದೊಡ್ಡ ಸಿಸ್ಟರು ಬೈದ್ರಾ?”

“ಬೈದಿದ್ರೆ ವಾಸಿಯಿತ್ತು. ಇನ್ನೊಂದ್ಸಲ ಹೀಗಾದ್ರೆ ನಿಮ್ಮ ಕೈಗೆ ರೋಗಿಗಳನ್ನ ಒಪ್ಸೋಕಾಗಲ್ಲ, ನೀವೇ ಯೋಚನೆ ಮಾಡಿ ಅಂದ್ರು.” ಚಪ್ಪಲಿ ಬಿಚ್ಚುತ್ತಾ ಹೇಳಿದಳು: “ಕೆಲಸ ಹೋದ್ರೆ ಹೋಗ್ಲಿ. ಆ ಮನುಷ್ಯನಿಗೆ ಏನಾದ್ರೂ ಆಗಿದ್ರೆ?”

ಮೇಸ್ತ್ರಿಗೂ ತಂದೆಯ ಮೆತ್ತೆ ಹೊಡೆದ ಬಾಯೇ ಬಂದಿತ್ತು. ಆ ವಾರದ ರಜೆಯ ದಿನವೇ ಚೌಕಟ್ಟು ಕೊಯ್ಯಲು ಕೂತ.

ಆರು ದಿನ ಕಂಡವರ ಗೋಡೆ, ಏಳನೆಯ ದಿನ ತನ್ನ ಗೋಡೆ. ಬಲಭುಜ ಮೊದಲೇ ಸವೆದಿತ್ತು, ಸಂಜೆಯಾದರೆ ಅನ್ನ ಕಲಸಲೂ ಎಡಗೈ ಬೇಕಾಗುತ್ತಿತ್ತು. ಆದರೂ ಕೆಲಸದಲ್ಲಿ ಗಡಿಬಿಡಿ ಮಾಡಲಿಲ್ಲ. ದೊಡ್ಡ ಮನೆಗಳಲ್ಲಿ ಮಿಕ್ಕ ತುಂಡುಗಳನ್ನೆಲ್ಲ ಗಂಟು ಬಿಚ್ಚಿ ತೆಗೆದ. ನವಿಲುಬಣ್ಣದ ಮಖಮಲ್ಲು, ಹುಣಿಸೆಹಣ್ಣಿನ ಬಣ್ಣದ ಒರಟು ರೇಷ್ಮೆ, ಹಸಿ ಮಣ್ಣಿನಂಥ ನಾರುಬಟ್ಟೆ. ಯಾವ ಬಣ್ಣದ ಪಕ್ಕ ಯಾವುದು ಕೂರಬೇಕೆಂದು ಮಂಚದ ಮೇಲೆ ಹರಡಿ, ನೋಡುತ್ತಾ ನೋಡುತ್ತಾ ಅಲ್ಲೇ ನಿದ್ದೆ ಹೋಗುತ್ತಿದ್ದ. ನಾಲ್ಕು ಗೋಡೆಯೂ ಮುಗಿದ ದಿನ ಆ ಕೋಣೆ ಒಡವೆಯ ಪೆಟ್ಟಿಗೆಯ ಒಳಮೈಯಂತೆ ಕಾಣುತ್ತಿತ್ತು. ಮಧ್ಯೆ ಕುಕ್ಕರುಗಾಲಲ್ಲಿ ಕೂತು ಕೇಳಿದ. ಟಿ.ವಿ. ಇಲ್ಲ, ಬಸ್ಸಿಲ್ಲ. ಮೊಣಕಾಲು ಹಿಡಿದು ಮೇಲೆದ್ದ.

ಮಾರನೆಯ ದಿನ ಕೆಲಸದಿಂದ ಬಂದು ನೋಡಿದರೆ ಹೆಂಡತಿ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು, ಕಣ್ಣು ಕೆಂಪಗೆ.

“ಯಾಕೇ, ಮಲಗಲಿಲ್ವಾ?”

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಗೋಡೆಗೆಲ್ಲ ಮಖಮಲ್ಲು ಉಡಿಸಿದ್ರಿ, ತಲೆ ಮೇಲಿರೋದನ್ನ ಮರೆತ್ರಿ. ಹೋಗಿ ಮಲಗಿ ನೋಡಿ.”

ಹೋಗಿ ಮಲಗಿದ. ಮೇಲಿನಿಂದ ಗಡಗಡ ಎಂದು ಒಂದು ಓಟ, ನಿಲುಗಡೆ, ಮತ್ತೆ ಓಟ. ನಡುವೆ ಧಡ್ ಎಂದು ಒಂದು ಹೊಡೆತ. ಮೇಲಿನ ಅಂತಸ್ತಿನಲ್ಲಿ ಒಬ್ಬಳು ಟೈಲರಮ್ಮ ಇದ್ದಳು. ಮೋಟಾರು ಹಾಕಿದ ಹೊಲಿಗೆ ಮಷೀನು, ಅದರ ಪಕ್ಕ ಇಸ್ತ್ರಿಯ ಮೇಜು. ಸಂತೆಯ ಮಧ್ಯೆ ಒಬ್ಬ ಕೆಮ್ಮಿದರೆ ಯಾರಿಗೂ ಕೇಳುವುದಿಲ್ಲ, ಸಂತೆ ಖಾಲಿಯಾದ ಮೇಲೆ ಕೆಮ್ಮಿದರೆ ಊರಿಗೇ ಕೇಳುತ್ತದೆ. ಬಸ್ಸು, ಟಿ.ವಿ., ಗ್ರಿಲ್ಲುಗಳ ಗದ್ದಲದಲ್ಲಿ ಮುಚ್ಚಿಹೋಗಿದ್ದ ಸದ್ದು ಈಗ ಕೋಣೆಗೆಲ್ಲ ತಾನೊಂದೇ ಆಗಿತ್ತು. ಮೇಸ್ತ್ರಿ ಜೀವಮಾನವೆಲ್ಲ ಕೆಲಸ ಮಾಡಿದ್ದು ಉಳ್ಳವರ ಮನೆಗಳಲ್ಲಿ. ಅವರ ತಲೆಯ ಮೇಲೆ ಯಾರೂ ವಾಸ ಮಾಡುವುದಿಲ್ಲ. ಸದ್ದು ಗೋಡೆಯಿಂದ ಬರುತ್ತದೆ ಎಂದೇ ಅವನ ಕೈ ಕಲಿತಿತ್ತು, ಸೂರನ್ನು ಅವನು ನೋಡಿಯೇ ಇರಲಿಲ್ಲ. ಇನ್ನು ಪರೀಕ್ಷೆಗೆ ಕೂತದ್ದು ರಜೆಯ ದಿನ. ಟೈಲರಮ್ಮನಿಗೂ ಅಂದೇ ರಜೆ.

ಸುದ್ದಿ ಮೇಸ್ತ್ರಿಯ ತಮ್ಮನ ಕಿವಿಗೆ ಬಿತ್ತು. ಅವನು ಮನೆತನದ ಸೂಜಿ ಬಿಟ್ಟು ಫಾಲ್ಸ್ ಸೀಲಿಂಗ್ ಹಾಕುವ ಕೆಲಸ ಹಿಡಿದವನು. ಕಾರ್ಖಾನೆಯಿಂದ ಹಲಗೆ ತರಿಸಿ ಚಾವಣಿಗೆ ಸ್ಕ್ರೂ ಬಿಗಿಯುತ್ತಿದ್ದ. ಮನೆಯವರು ಅವನನ್ನು ಸೂರು ಸಾಹುಕಾರ ಎನ್ನುತ್ತಿದ್ದರು. ನೋಡಲು ಬಂದವನು ಕೋಣೆಯ ಮಧ್ಯೆ ನಿಂತು ಮೇಲೆ ನೋಡಿ ನಕ್ಕ.

“ಲೋಕಕ್ಕೆಲ್ಲ ಶಕುನ ಹೇಳೋ ಹಲ್ಲಿ ಕಲಗಚ್ಚಲ್ಲಿ ಬಿತ್ತಂತೆ. ಅಣ್ಣಾ, ಇಬ್ಬರು ಆಳು ಕರ್ಕೊಂಡು ಬರ್ತೀನಿ, ಒಂದು ದಿನದ ಕೆಲಸ.”

“ನೋಡೋಣ.”

“ನೋಡೋದೇನು, ಅತ್ತಿಗೆ ಕಣ್ಣು ನೋಡು.”

“ನೋಡೋಣ ಅಂದ್ನಲ್ಲ.”

ತಮ್ಮ ಅದನ್ನು ಒಪ್ಪಿಗೆ ಎಂದುಕೊಂಡು ಹೋದ. ಮೇಸ್ತ್ರಿ ಮರುದಿನ ಕೆಲಸಕ್ಕೆ ಹೋಗದೆ, ಸ್ಟೂಲು ಹತ್ತಿ, ಉಣ್ಣೆ ತುಂಬುವ ಮೊದಲು ಅಳತೆಗೆಂದು ಒಂದು ಖಾಲಿ ಚೌಕಟ್ಟನ್ನು ತಲೆಯ ಮೇಲೆತ್ತಿದ. ಗೋಡೆಗಾದರೆ ಒರಗಿಸಿ ಉಸಿರು ಬಿಡಬಹುದು. ಚಾವಣಿ ಉಸಿರಿಗೆ ಬಿಡುವು ಕೊಡುವುದಿಲ್ಲ. ಭುಜದೊಳಗೆ ಏನೋ ಹರಿದಂತಾಯಿತು. ಚೌಕಟ್ಟು ಮಂಚದ ಮೇಲೆ ಬಿತ್ತು. ಹೆಂಡತಿ ನೀರು ಕುಡಿಯಲೆಂದು ಆಗಷ್ಟೇ ಎದ್ದು ಹೋಗಿದ್ದಳು. ಅವಳು ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಬೈಯಲಿಲ್ಲ. ಚೌಕಟ್ಟನ್ನು ಪಕ್ಕಕ್ಕೆ ಸರಿಸಿ, ಅದರ ಪಕ್ಕದಲ್ಲೇ ಮಲಗಿ, ದಿಂಬನ್ನು ತಲೆಯ ಮೇಲೆ ಎಳೆದುಕೊಂಡಳು. ಬೈದಿದ್ದರೆ ವಾಸಿಯಿತ್ತು ಎನ್ನುವುದರ ಅರ್ಥ ಮೇಸ್ತ್ರಿಗೆ ಆಗ ತಿಳಿಯಿತು.

ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದೂ ಮೇಲಿನ ಬಾಗಿಲು ತಟ್ಟಿದ್ದು ಅದೇ ಮೊದಲು.

“ಬನ್ನಿ ಮೇಸ್ತ್ರಿ ಅಣ್ಣ,” ಎಂದಳು ಟೈಲರಮ್ಮ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದು. “ಜಗಳಕ್ಕೆ ಬಂದ್ರಾ?”

“ಜಗಳಕ್ಕೆ ಮೈಯಲ್ಲಿ ಕಸುವು ಬೇಕಮ್ಮ.”

“ನಾನೇ ಇಳಿದು ಬರೋಣ ಅಂತಿದ್ದೆ. ವಾರಕ್ಕೊಂದು ರಜೆ ನಂಗೆ. ಅವತ್ತೇ ನಿಮ್ಮ ಸುತ್ತಿಗೆ ಶುರು. ಕೆಳಗೆ ಯಾರೋ ಹಡಗು ಕಟ್ತಿದಾರೆ ಅಂತ ಮಕ್ಕಳಿಗೆ ಹೇಳಿದ್ದೆ.”

ಮೇಸ್ತ್ರಿಗೆ ನಗು ಬಂತು, ನಗಲು ದಣಿವಾಯಿತು. ವಿಷಯ ಹೇಳಿದ. ನರ್ಸು, ಬಾಟಲಿ, ನಳಿಗೆಯಲ್ಲಿ ಏರಿದ ರಕ್ತ. ಅವಳು ಕೇಳುತ್ತಾ ಕೇಳುತ್ತಾ ಮಷೀನಿನ ಸ್ವಿಚ್ಚು ಆರಿಸಿದಳು.

“ಅಯ್ಯೋ ಅಕ್ಕ ಮಲಗೋದು ಇದರ ಕೆಳಗೇನಾ? ಒಂದ್ಮಾತು ಹೇಳಬಾರದಾ? ಆದ್ರೆ ಅಣ್ಣ, ಹೊಲಿಯೋದು ನಿಲ್ಸೋಕಾಗಲ್ಲ.”

“ನಿಲ್ಸು ಅಂತ ಯಾರಂದ್ರು. ಆನ್ ಮಾಡು.”

ಮಷೀನು ಓಡತೊಡಗಿದ ಮೇಲೆ ಮೇಸ್ತ್ರಿ ನೆಲದ ಮೇಲೆ ಉದ್ದಕ್ಕೆ ಮಲಗಿ ಕಿವಿ ಕೊಟ್ಟ. ಕಬ್ಬಿಣದ ನಾಲ್ಕು ಕಾಲೂ ಬರಿ ನೆಲದ ಮೇಲೆ ಕೂತು ನಡುಗುತ್ತಿದ್ದವು. ಇಸ್ತ್ರಿ ಮೇಜಿನ ಒಂದು ಕಾಲು ಗಿಡ್ಡ. ಇಸ್ತ್ರಿಪೆಟ್ಟಿಗೆ ಇಟ್ಟಾಗಲೆಲ್ಲ ಅದು ನೆಲ ಕುಟ್ಟುತ್ತಿತ್ತು.

“ಅಲ್ಲೇ ನಿದ್ದೆ ಹೋದ್ರಾ ಅಣ್ಣ?”

“ಎಬ್ಬಿಸಬೇಡ, ಚೆನ್ನಾಗಿದೆ,” ಎಂದ ಮೇಸ್ತ್ರಿ, ಕಣ್ಣು ಮುಚ್ಚಿಕೊಂಡೇ.

ಆ ಕಾಲುಗಳಿಗೆ ಮೆತ್ತೆ ಕಟ್ಟುವಷ್ಟು ಉಣ್ಣೆ ಮನೆಯಲ್ಲಿ ಮಿಕ್ಕಿರಲಿಲ್ಲ. ಮಂಚದ ತಲೆಯ ಕಡೆಯ ಗೋಡೆಯಲ್ಲಿದ್ದ ನವಿಲುಬಣ್ಣದ ಚೌಕಟ್ಟುಗಳಲ್ಲಿ ಎರಡನ್ನು ಕಳಚಿ ಹೊಟ್ಟೆ ಬಿಚ್ಚಿದ. ಒಂದೇ ಕೈಯಲ್ಲಿ ಒತ್ತಿ, ಹಲ್ಲಿನಿಂದ ದಾರ ಎಳೆದು, ಮಷೀನಿನ ಕಾಲುಗಳಿಗೆ ಗಟ್ಟಿ ಮೆತ್ತೆ ಕಟ್ಟಿದ. ಬುಡಕ್ಕೆ ರಬ್ಬರು, ಮೇಲೆ ಒಂದು ಮಣೆ. ಮೇಜಿನ ಗಿಡ್ಡಕಾಲಿಗೂ ಒಂದು. ಅದೇ ಮಖಮಲ್ಲನ್ನು ಮೇಲುಹೊದಿಕೆ ಮಾಡಿ ಗುಂಡಿಯನ್ನೂ ಬಿಗಿದ. ಮಷೀನಿಗೆ ಕಾಲಂದುಗೆ ಬಂತು ಎಂದಳು ಟೈಲರಮ್ಮ. ಕೆಳಗೆ ಹೆಂಡತಿ, ಗೋಡೆ ಎರಡು ಹಲ್ಲು ಉದುರಿಸಿಕೊಂಡಿದೆ ಎಂದಳು. ಹಾಗೆಂದವಳು ಮಲಗಿದಳು. ಮೇಲಿನ ಓಟ ಈಗ ಆಚೆಮನೆಯಲ್ಲಿ ಯಾರೋ ಮಗುವಿನ ಬೆನ್ನು ತಟ್ಟಿದ ಹಾಗೆ ಕೇಳುತ್ತಿತ್ತು. ಪೂರ್ತಿ ಹೋಗಲಿಲ್ಲ. ಹೋದಷ್ಟು ಸಾಕಾಯಿತು.

ಅವಳಿಗೆ ಹೀಗೆ ನಿದ್ದೆ ಹಿಡಿಯತೊಡಗಿದ ವಾರದಲ್ಲೇ ಒಂದು ಮಧ್ಯಾಹ್ನ ಸೂರು ಸಾಹುಕಾರ ಇಬ್ಬರು ಆಳುಗಳ ಹೆಗಲ ಮೇಲೆ ಹಲಗೆ ಹೊರಿಸಿಕೊಂಡು ಮೆಟ್ಟಿಲು ಹತ್ತಿ ಬಂದ. ಮೇಸ್ತ್ರಿ ಬಾಗಿಲ ಹೊರಗೆ, ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು, ಹೊಸಿಲ ಮೇಲೆ ಕೂತಿದ್ದ.

“ಏಳು ಅಣ್ಣ, ಸಂಜೆಯೊಳಗೆ ಮುಗಿಸಿಕೊಡ್ತೀನಿ. ಆ ಕೈಲಿ ನೀನಿನ್ನೇನು ಮಾಡ್ತೀಯ? ಗೋಡೇಲಿ ಎರಡು ಚೌಕಟ್ಟು ಹೋದವಂತಲ್ಲ, ಆ ತೂತೂ ಮುಚ್ಚಿಸ್ತೀನಿ.”

ಮೇಸ್ತ್ರಿ ಏಳಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ಬೇಡ ಕಣೋ. ತೂತು ಹಾಗೇ ಇರ್ಲಿ, ಸೂರೂ ಹಾಗೇ ಇರ್ಲಿ. ನೀನು ಡ್ರಿಲ್ ತೆಗೆದ್ರೆ ಅವಳು ಎದ್ದುಬಿಡ್ತಾಳೆ. ಮಲಗವ್ಳೆ, ನಂಗಷ್ಟು ಸಾಕು. ಹಲಗೆ ತಿರುಗಿಸ್ಕೊಂಡು ಹೋಗು. ಗೋಡೆಗೆ ತಾಗಿಸ್ಬೇಡ, ಚಪ್ಪಲಿ ಕೈಲಿ ಹಿಡ್ಕೊಂಡು ಇಳಿ.”