ಎಣ್ಣೆ ಶೀಶೆಯ ಎದುರು

ನೂರು ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲು ಬಂದವನು ಕೊಪ್ಪಳದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಬೋರ್ಡಿನ ಮೇಲೆ ತೊಡೆಯ ಸ್ನಾಯುವಿನ ಚಿತ್ರ ಬರೆಯುತ್ತ ನಿಂತಿದ್ದಾನೆಂದರೆ ನಮ್ಮ ಬೇವೂರಿನವರಿಗೆ ಅಯ್ಯೋ ಅನ್ನಿಸುತ್ತದೆ. ‘ಓಡಾಕ ಆಗ್ಲಿಲ್ಲ, ಪಾಪ, ಅದಕ್ಕ ಪಾಠ ಹೇಳಾಕತ್ತಾನ’ ಎಂದು ಮರುಗುತ್ತಾರೆ. ಆ ಮರುಕ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೋತು ಈ ಕೆಲಸಕ್ಕೆ ಬಂದವನಲ್ಲ ನಾನು, ಸಿಟ್ಟಾಗಿ ಬಂದವನು.

ಸಿಟ್ಟು ಎಣ್ಣೆಯ ಮೇಲೆ. ನಮ್ಮ ಕಡೆ ಓಟ ಕಲಿಸುವ ಹಳಬರು ಹೆಚ್ಚಿನವರು ಗರಡಿಯಲ್ಲಿ ಬೆಳೆದವರು. ಸ್ನಾಯು ಹಿಡಿಯಲಿ, ಹರಿಯಲಿ, ಎಲ್ಲಕ್ಕೂ ಬಿಸಿ ಎಣ್ಣೆ ಹಾಕಿ ಗಸಗಸ ತಿಕ್ಕುವುದೇ ಮದ್ದು. ನನ್ನ ತೊಡೆಯ ಸ್ನಾಯು ಹರಿದ ದಿನ ನನ್ನ ಗುರುಗಳು ಪ್ರೀತಿಯಿಂದಲೇ ತಿಕ್ಕಿದರು. ಒಳಗೆ ರಕ್ತ ಹರಡಿ ತೊಡೆ ನೀಲಿಗಟ್ಟಿತು. ಮರುದಿನ ಮತ್ತೆ ಓಡಿಸಿದರು. ನನ್ನ ಓಟ ಅಲ್ಲಿಗೆ ಮುಗಿಯಿತು. ಆ ಜಾಗದಲ್ಲಿ ಈಗಲೂ ಬೆರಳು ಕೂರುವಷ್ಟು ಗುಂಡಿ ಇದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅದನ್ನು ಮುಟ್ಟಿಸಿಯೇ ಪಾಠ ಶುರುಮಾಡುತ್ತೇನೆ.

ಹೋದ ವರ್ಷ ಯಲಬುರ್ಗಾದ ಮೈದಾನದಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಮೊದಲ ಸುತ್ತು ಗೆದ್ದು, ಗೆರೆ ದಾಟುತ್ತಲೇ ತೊಡೆ ಹಿಡಿದು ಕುಸಿದ. ಫೈನಲ್ ಮಧ್ಯಾಹ್ನಕ್ಕಿತ್ತು. ನಾನು ಓಡಿಹೋಗುವಷ್ಟರಲ್ಲಿ ಅದೇ ಗುರುಗಳು ಎಣ್ಣೆ ಶೀಶೆ ಹಿಡಿದು ಅವನ ಪಕ್ಕ ಕುಳಿತಿದ್ದರು.

‘ಗುರುಗಳ, ಕೈ ಹಚ್ಚಬ್ಯಾಡ್ರಿ.’

‘ತಮ್ಮಾ, ನಿನಗ ಓಡಾಕ ಕಲಿಸಿದಾಂವ ನಾನು. ನನಗ ಹೇಳ್ತಿಯೇನು?’

‘ಕಲಿಸಿದವ್ರೂ ನೀವ, ನನ್ನ ತೊಡಿ ತಿಕ್ಕಿದವ್ರೂ ನೀವ. ಇವನ ಕಾಲು ಮಾತ್ರ ಕೊಡಂಗಿಲ್ರಿ.’

ಗುರುಗಳು ಎದ್ದು ಹೋದರು. ಗೇಟಿನ ಬಳಿಯ ಕಬ್ಬಿನ ಹಾಲಿನ ಗಾಡಿಯಿಂದ ಐಸ್ ತರಿಸಿ, ಟವೆಲ್ಲಿನಲ್ಲಿ ಸುತ್ತಿ ತೊಡೆಗೆ ಒತ್ತಿ ಕಟ್ಟಿದೆ.

‘ಸರ್ರ, ಫೈನಲ್ ಹೋತಲ್ರಿ’ ಎಂದು ಹುಡುಗ ಅತ್ತ.

‘ಹೋಗ್ಲಿ ಬಿಡು. ಕಾಲು ಉಳಿತು’ ಅಂದೆ. ಗುರುಗಳಿಗೇ ಎದುರಾಡಿದ ಸೊಕ್ಕಿನವ ಎಂಬ ಹೆಸರು ಆ ಸಂಜೆಯೇ ಊರೂರಿಗೆ ಮುಟ್ಟಿತು. ಮುಟ್ಟಲಿ.

ಈ ವರ್ಷ ಕುಷ್ಟಗಿಯಲ್ಲಿ ಆ ಹುಡುಗ ಓಡಿದ, ಮೊದಲು ಬಂದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಗುರುಗಳೇ. ಅವರ ಚೀಲದಿಂದ ಎಣ್ಣೆ ಶೀಶೆ ಇಣುಕುತ್ತಿತ್ತು. ನಾನು ಐಸಿನ ಡಬ್ಬಿ ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲೇ ಕುಳಿತೆ.