ದೊಡ್ಡವ್ವನ ಪಾಲಿನ ಸಪ್ಪೆ ಸಾರು

ದೊಡ್ಡವ್ವನ ಕಾಲುಂಗುರಗಳನ್ನು ಅಕ್ಕಸಾಲಿ ಪತ್ತಾರ ಕತ್ತರಿಸಿಯೇ ತೆಗೆಯಬೇಕಾಯಿತು. ಬೆರಳುಗಳು ಅಷ್ಟು ಬಾತಿದ್ದವು. ಬೆಳ್ಳಿ ಮಾಂಸದೊಳಗೆ ಹೂತುಹೋಗಿತ್ತು. ತೆಗೆದಾದ ಮೇಲೆ ಅವಳು ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ನನಗೆ ತೋರಿಸಿದಳು. ಬೆರಳು ಎತ್ತಿದರೂ ಕುಳಿ ತುಂಬಲಿಲ್ಲ. "ನೋಡವ್ವ, ನಾದಿಟ್ಟ ಹಿಟ್ಟಿನಂಗ ಆಗೀನಿ" ಎಂದು ನಕ್ಕಳು. ಗಂಡ ಎದುರಿಗೇ ಇರುವಾಗ ಕಾಲುಂಗುರ ತೆಗೆಸಿದ್ದಕ್ಕೆ ಅಜ್ಜಿ ಅತ್ತ ಮುಖ ತಿರುಗಿಸಿ ಕೂತಿದ್ದಳು. ಆ ದಿನ ಪಡಸಾಲೆಯ ತುಂಬ ಬಿಸಿಲಿತ್ತೆಂದು ನನ್ನ ನೆನಪು. ಆಗ ಬರೆಯುತ್ತಿದ್ದ ದಿನಚರಿಯಲ್ಲಿ ಮೋಡವೆಂದಿದೆ. ಯಾವುದನ್ನು ನಂಬಬೇಕೋ ತಿಳಿಯದು. ಆ ಕುಳಿಯನ್ನಂತೂ ನಂಬುತ್ತೇನೆ.

ದೊಡ್ಡವ್ವ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಸಿಗುವ ಊರು ನಮ್ಮದು. ಮೂವರು ಅಣ್ಣತಮ್ಮಂದಿರು, ತುಸು ಒಣ ಹೊಲ, ಕುರಿ, ಎಲ್ಲರಿಗೂ ಒಂದೇ ಒಲೆ. ನನ್ನ ಅವ್ವ ಮತ್ತು ಚಿಕ್ಕಪ್ಪನ ಹೆಂಡತಿ ಸಣ್ಣವ್ವ ಶೇಂಗಾ ಕೀಳಲು ಕೂಲಿಗೆ ಹೋಗುತ್ತಿದ್ದರು. ಒಲೆ ದೊಡ್ಡವ್ವನ ಪಾಲಿಗೆ. ಹರಳುಪ್ಪನ್ನು ಅಂಗೈಯಲ್ಲಿ ತೂಗಿ ಸಾರಿಗೆ ಹಾಕುವಳು, ರುಚಿ ನೋಡುತ್ತಿರಲಿಲ್ಲ. ಗಂಡಸರು, ಮಕ್ಕಳು, ಅಜ್ಜಿ, ವಾರಗಿತ್ತಿಯರು ಎಲ್ಲರೂ ಎದ್ದ ಮೇಲೆ ಗೋಡೆಗೆ ಬೆನ್ನು ಹಚ್ಚಿ ತಾನು ಉಣ್ಣುವಳು.

ನಾನು ಧಾರವಾಡಕ್ಕೆ ಎಂ.ಎ. ಓದಲು ಹೋಗುವುದು ಅಜ್ಜಿಗೆ ಇಷ್ಟವಿರಲಿಲ್ಲ. "ಅಕಿ ಪಾಲಿನ ಕಸ ಮುಸುರಿ ನಾ ಮಾಡ್ತೀನಿ, ಹೋಗಲಿ ಬಿಡ್ರಿ ಅತ್ತಿ" ಎಂದು ಒಪ್ಪಿಸಿದವಳು ದೊಡ್ಡವ್ವ. ರಜೆಗೆ ಬಂದಾಗ ಅವಳೇ ಕಾಡಿಸುವಳು: "ಮೇಡಮ್ಮೋರು ಬಂದಾರ, ಕುರ್ಚಿ ಹಾಕ್ರಲೇ. ಇಲ್ಲಂದ್ರ ಒರಳಕಲ್ಲ ಮ್ಯಾಲೆ ಕುಂದ್ರತಾರ."

ದೊಡ್ಡವ್ವನಿಗೆ ಮೊದಲು ಕೊಡ ಹೊತ್ತು ಬರುವಾಗ ಏದುಸಿರು ಬಂತು. ಆಮೇಲೆ ರೊಟ್ಟಿ ಬಡಿಯುತ್ತ ನಡುವೆ ಕೈ ನಿಲ್ಲಿಸುವಳು. ಕೊನೆಗೆ ಮಲಗಿದರೆ ಉಸಿರೇ ಸಿಗದೆ ಜೋಳದ ಚೀಲಕ್ಕೆ ಒರಗಿ ಕೂತೇ ನಿದ್ದೆ ಮಾಡತೊಡಗಿದಳು. ಇದು ನಮ್ಮೂರಿಗೆ ಹೊಸದಲ್ಲ. ಹಿಂದಿನ ಓಣಿಯಲ್ಲಿ ಕಲ್ಲು ಒಡೆಯುವವನ ಹೆಂಡತಿ ಹೀಗೇ ಹೋಗಿದ್ದಳು. ಮೀಸೆ ಮೂಡದ ಕುರಿಗಾಹಿಯೊಬ್ಬ ಹೊಟ್ಟೆ ಉಬ್ಬಿ ಹೋಗಿದ್ದ. "ಬಾತು ಬಂದೈತಿ" ಎಂದರೆ ಮುಂದಿನ ಮಾತನ್ನು ಯಾರೂ ಆಡುತ್ತಿರಲಿಲ್ಲ. ಬಾಣಂತನದಲ್ಲಿ ಪಥ್ಯ ತಪ್ಪಿದ್ದಕ್ಕೆ ಎಂದು ಅಜ್ಜಿ ನಂಬಿದ್ದಳು. ಆ ಹುಡುಗನಿಗೆ ಎಲ್ಲಿಯ ಬಾಣಂತನ ಎಂದು ನಾನು ಕೇಳುತ್ತಿದ್ದೆ.

ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಹೃದಯದ ಮಾಂಸ ಸೋತು ಜೋಲು ಬಿದ್ದಿದೆ, ರಕ್ತ ನೂಕುವ ಶಕ್ತಿ ಅದಕ್ಕಿಲ್ಲ ಎಂದರು. ಯಾವ ಊರೆಂದು ಕೇಳಿ ನಿಟ್ಟುಸಿರು ಬಿಟ್ಟರು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಬಡವರೇ ಹೀಗೆ ಬರುತ್ತಾರೆ, ಯಾಕೆಂದು ನಮಗೂ ಸರಿಯಾಗಿ ಗೊತ್ತಿಲ್ಲ ಎಂದರು. ಜೋಳವೋ ಸಜ್ಜೆಯೋ ತಿಳಿಯಲೆಂದು, "ನೀನು ಏನು ಊಟ ಮಾಡ್ತೀಯಮ್ಮ?" ಎಂದು ಅವಳನ್ನೇ ಕೇಳಿದರು.

ದೊಡ್ಡವ್ವ ಸೆರಗು ಸರಿಮಾಡಿಕೊಂಡು, "ಉಳಿದದ್ದು ಉಣ್ತೀನ್ರಿ" ಎಂದಳು.

ಅವರು ಬರೆಯುತ್ತಿದ್ದ ಪೆನ್ನು ನಿಂತಿತೆಂದು ಬರೆಯಬೇಕೆನಿಸುತ್ತದೆ. ನಿಂತಿತೋ ಇಲ್ಲವೋ ನಾನು ನೋಡಲಿಲ್ಲ. ಮಾತ್ರೆ ಕೊಟ್ಟರು, ಭಾರ ಹೊರಬಾರದೆಂದರು. ಉಪ್ಪು ಬಿಟ್ಟರೆ ಇನ್ನೊಂದಿಷ್ಟು ವರ್ಷ ಬದುಕುತ್ತಾಳೆ, ಬಿಡದಿದ್ದರೆ ಮಾತ್ರೆಯಿಂದಲೂ ಆಗದು ಎಂದು ನನ್ನನ್ನೂ ದೊಡ್ಡಪ್ಪನನ್ನೂ ಹೊರಗೆ ಕರೆದು ಹೇಳಿದರು.

ಉಪ್ಪು ಹಾಕುವ ಮೊದಲೇ ಅವಳ ಪಾಲಿನ ಸಾರು ತೆಗೆದಿಡುವುದೆಂದು ಆಯಿತು. ಆದರೆ ಯಾರಾದರೂ ಬಂದು ಸಾರು ಸಾಲದೆ ಹೋದರೆ ತನ್ನ ಬಟ್ಟಲಿಗೆ ಉಪ್ಪು ಹಾಕಿ ಅವರಿಗೇ ಬಡಿಸಿಬಿಡುವಳು. ಆಮೇಲೆ ಗಡಿಗೆಯ ತಳದಲ್ಲಿದ್ದದ್ದು ಅವಳ ಊಟ. ಸಣ್ಣವ್ವ ಬೇರೆಯಾಗಿ ಬೇಯಿಸಿಕೊಡಲಿ ಎಂದು ನಾನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಚಿಕ್ಕ ಪಾತ್ರೆ ಇಟ್ಟೆ. ನಮ್ಮ ಕಡೆ ಮನೆಯಲ್ಲಿ ಎರಡನೇ ಒಲೆ ಹತ್ತಿತೆಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ನನ್ನ ಓದಿನಲ್ಲಿ ಅದು ಮರೆತುಹೋಗಿತ್ತು. ದೊಡ್ಡವ್ವ ಆ ಉಬ್ಬಸದಲ್ಲೇ ಬಗ್ಗಿ ಒಂದೊಂದೇ ಕಲ್ಲನ್ನು ಬೇಲಿಗೆ ಎಸೆದಳು. "ಈ ಮನ್ಯಾಗ ಎಲ್ಡನೇ ಒಲಿ ನನ್ನಿಂದ ಹತ್ತಬಾರದವ್ವ" ಎಂದಳು.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಂದು ಸಂಜೆ ಎಲ್ಲರನ್ನೂ ಕೂರಿಸಿ, ನಾಳೆಯಿಂದ ಈ ಮನೆಯ ಗಡಿಗೆಗೆ ಉಪ್ಪು ಬೀಳುವುದಿಲ್ಲ, ಬೇಕಾದವರು ತಾಟಿಗೆ ಹಾಕಿಕೊಳ್ಳಿರಿ ಎಂದು ಅಪ್ಪಣೆ ಮಾಡಿದಳು. ಬೆಂದ ಸಾರಿಗೆ ಮೇಲೆ ಉದುರಿಸಿದ ಉಪ್ಪು ಹತ್ತುವುದಿಲ್ಲ. ಚಿಕ್ಕಪ್ಪ ಗೊಣಗಿದ: "ಎಮ್ಮಿ ಕಲಗಚ್ಚಿಗೂ ಇದಕ್ಕಿಂತ ರುಚಿ ಐತಿ." ಎಲ್ಲರೂ ನಕ್ಕರು. ಒಳಗೆ ದೊಡ್ಡವ್ವನೂ ನಕ್ಕಳು. ನಾನು ಧಾರವಾಡಕ್ಕೆ ಹೊರಡುವ ಹೊತ್ತಿಗೆ ಅವಳ ಕಾಲಿನ ಬಾವು ಇಳಿದು ಎಲುಬು ಕಾಣುತ್ತಿತ್ತು.

ದಸರಾ ರಜೆಗೆ ಬಂದಾಗ ಅವಳ ಮುಖವೂ ಬಾತಿತ್ತು. ಅಂದು ಊಟಕ್ಕೆ ಕೂತಾಗ ಮೊದಲ ತುತ್ತಿಗೇ ಗೊತ್ತಾಯಿತು, ಸಾರಿನಲ್ಲಿ ಉಪ್ಪಿತ್ತು. ಸುತ್ತ ನೋಡಿದೆ. ಯಾರೂ ತಲೆ ಎತ್ತುತ್ತಿರಲಿಲ್ಲ. ಚಿಕ್ಕಪ್ಪ ಎರಡನೇ ಸಲ ಹಾಕಿಸಿಕೊಂಡ. ಹಲ್ಲಿಲ್ಲದ ಅಜ್ಜಿ ಹಾಲಿನಲ್ಲಿ ರೊಟ್ಟಿ ನೆನೆಸಿ ಉಣ್ಣುವವಳು; ಅವಳೊಬ್ಬಳಿಗೇ ಈ ಸುದ್ದಿ ಮುಟ್ಟಿರಲಿಲ್ಲ. ಅಂದು ಹಾಲು ಒಡೆದಿತ್ತು. ಸಾರಿನಲ್ಲಿ ಅದ್ದಿದ ರೊಟ್ಟಿಯನ್ನು ಬಾಯಿಗಿಟ್ಟವಳು ತಾಟನ್ನು ದೂರ ಸರಿಸಿದಳು.

"ಎಷ್ಟು ದಿನದಿಂದ ನಡದೈತಿ ಇದು?"

"ಅರ್ಧ ಊಟಕ್ಕ ಏಳ್ತಿದ್ರು ಅತ್ತಿ" ಎಂದಳು ದೊಡ್ಡವ್ವ. "ದುಡದು ಬಂದ ಮಂದಿ. ನನ್ನ ಕೈಲಿ ನೋಡಾಕ ಆಗಲಿಲ್ಲ."

"ನೀನೂ ಇದನ್ನ ಉಣ್ತಿಯಲ್ಲ?"

ಅಜ್ಜಿ ಗಡಿಗೆ ಎತ್ತಿಕೊಂಡು ಹೋಗಿ ಅಂಗಳಕ್ಕೆ ಸುರಿದಳು. ದೊಡ್ಡಪ್ಪ ಕೈ ತೊಳೆಯದೆ ಗೋಡೆ ನೋಡುತ್ತಿದ್ದ.

ಅಂದು ಸಂಜೆಯಿಂದ ಅಜ್ಜಿಯೇ ಒಲೆ ಮುಂದೆ ಕೂತಳು. ಸೊಸೆ ಬಂದ ವರ್ಷ ಬಿಟ್ಟಿದ್ದ ಒಲೆ. ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು, ಕೈ ಸುಟ್ಟುಕೊಂಡಳು. ಸಪ್ಪೆ ಸಾರು ಕುದಿದ ಮೇಲೆ ಮೊದಲ ತಾಟು ಸೊಸೆಯ ಮುಂದಿಟ್ಟಳು. ಗಂಡಸರು ಪಡಸಾಲೆಯಲ್ಲಿ ಕಾದರು. ದೊಡ್ಡವ್ವ ನಾಚಿಕೊಂಡು ಮುದುರಿ ಕೂತು, ನೀವು ಉಣ್ಣದೆ ನನಗೆ ಇಳಿಯುವುದಿಲ್ಲ ಎಂದು ಬೇಡಿಕೊಂಡಳು. ಅಜ್ಜಿ ಏಳಲಿಲ್ಲ. ಕೊನೆಗೆ ದೊಡ್ಡವ್ವ ಒಂದು ತುತ್ತು ಉಂಡು, ನನ್ನ ಕಡೆ ನೋಡಿ ಸಣ್ಣ ದನಿಯಲ್ಲಿ, "ಮದ್ಲ ಉಂಡ್ರ ಬಿಸಿ ಇರತೈತಿ ನೋಡವ್ವ" ಎಂದಳು.

ಈ ಮಾತನ್ನು ನಾನು ಆಮೇಲೆ ಕಟ್ಟಿಕೊಂಡೆನೇ ಎಂದು ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಕಟ್ಟಿಕೊಳ್ಳುವಷ್ಟು ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳ ಕೈಯ ಬಿಸಿ ರೊಟ್ಟಿ ಉಂಡಿದ್ದೆ, ಅವಳ ತಾಟಿನಲ್ಲಿ ಏನಿದೆಯೆಂದು ಬಗ್ಗಿ ನೋಡಿರಲಿಲ್ಲ.

ಬಾವು ಆಮೇಲೆ ಇಳಿಯಲಿಲ್ಲ. ಜೋಳ ಕೊಯ್ಲಿಗೆ ಬರುವ ಮೊದಲೇ ಅವಳು ಹೋದಳು. ನಾನು ಧಾರವಾಡದಲ್ಲಿದ್ದೆ. ಮಣ್ಣಾದ ಮೇಲೆ ಊರು ಮುಟ್ಟಿದೆ. ಮುಂದಿನದು ನಾನು ಕಂಡದ್ದಲ್ಲ, ಒಲೆಯ ಮುಂದೆ ಕೂತು ಅಜ್ಜಿ ಹೇಳಿದ್ದು. ಬೆಳಿಗ್ಗೆ ಅಜ್ಜಿ ಎಂದಿನಂತೆ ಮೊದಲ ರೊಟ್ಟಿ ತಾಟಿಗೆ ಹಾಕಿಕೊಂಡು ದೊಡ್ಡವ್ವನ ಬಳಿ ಹೋದಳಂತೆ. ಸೊಸೆ ಚೀಲಕ್ಕೆ ಒರಗಿ ಕೂತಿದ್ದಳು, ನಿದ್ದೆ ಹತ್ತಿದೆ ಎಂದುಕೊಂಡಳಂತೆ.

"ಏಳವ್ವ, ಆರತೈತಿ ಅಂದೆ" ಎಂದಳು ಅಜ್ಜಿ. "ಏಳಲಿಲ್ಲ. ಪಾಪ, ಮಲಗಲಿ ಅಂತ ಒಳಗ ಬಂದು, ಇನ್ನೊಂದು ಬಿಸೀದು ಬಡದೆ."